ಹಲ್ಲಿನಂಗಡಿಯ ಗ್ರೀಕ್ ನಾಣ್ಯಗಳು

ಸೇಡಂ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅಸ್ಫಿಯಾಳದು ಹಲ್ಲಿನ ಸೆಟ್ ಮಾಡುವ ಅಂಗಡಿ. ಡಾಕ್ಟರರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅವಳು ಅದಕ್ಕೆ ಪ್ಲಾಸ್ಟರ್ ಸುರಿದು, ಒಸಡು ತಿದ್ದಿ, ಹಲ್ಲು ಕೂಡಿಸಿ ಕೊಡುತ್ತಾಳೆ. ಈ ವಿದ್ಯೆ ಅವಳಿಗೆ ತಂದೆ ಅಲ್ಲಾವುದ್ದೀನರಿಂದ ಬಂದದ್ದು. ಅಂಗಡಿಯ ಗಾಜಿನ ಕಪಾಟಿನ ಮೇಲಿನ ಸಾಲಿನಲ್ಲಿ ದವಡೆಗಳ ಅಚ್ಚುಗಳಿವೆ. ಕೆಳಗಿನ ಸಾಲಿನಲ್ಲಿ ಹಳೆಯ ಎಂಟಾಣೆಯಗಲದ ಬಿಳಿ ಬಿಲ್ಲೆಗಳು. ಮೊದಲ ಸಲ ಬಂದವರು ಇವು ಯಾವ ಹಲ್ಲು ಎಂದು ಬಗ್ಗಿ ನೋಡುತ್ತಾರೆ.

"ಹಲ್ಲಲ್ರಿ, ಬಾದಶಾಹರು," ಎನ್ನುತ್ತಾಳೆ ಅಸ್ಫಿಯಾ.

ಆ ಬಾದಶಾಹರು ಈ ಗಲ್ಲಿಗೆ ಬಂದದ್ದು ಅವಳ ಸೋದರಮಾವ ಕಲೀಮ್ ಅವರಿಂದ. ಕಲೀಮ್ ಮಾಮು ಚಿಂಚೋಳಿಯವರು, ಗೌಂಡಿ ಕೆಲಸದವರು. ಶಹಾಬಾದಿನಲ್ಲಿ ನೆಲಕ್ಕೆ ಫರಸಿ ಕಲ್ಲು ಹಾಸುವುದನ್ನು ಕಲಿತು, ಆ ಕೈಕೆಲಸದ ಬಲದ ಮೇಲೆ ಜೋರ್ಡಾನ್ ದೇಶಕ್ಕೆ ಹೋಗಿ ಕೆಲವು ವರ್ಷ ದುಡಿದು ಬಂದರು. ಬರುವಾಗ ಅಲ್ಲಿಯ ಸಂತೆಯಲ್ಲಿ ಕೊಂಡ ಒಂದು ಹಿಡಿ ತಾಮ್ರದ ನಾಣ್ಯ ತಂದಿದ್ದರು. ಮನೆಯ ಹುಡುಗರಿಗೆ ಖರ್ಜೂರದ ಡಬ್ಬಿಯ ಮೇಲೆ ಕಣ್ಣು. ಮಾಮು ಮಾತ್ರ ಆ ನಾಣ್ಯಗಳನ್ನು ಅಂಗೈಯಲ್ಲಿ ಆಡಿಸುತ್ತ, "ಅಲ್ಲೊಂದು ಕಲ್ಲಿನ ಕಂಬದ ಊರದ. ಕಟ್ಟಿದ ರಾಜರು ಹೋದರು, ಕಂಬ ಇನ್ನಾ ನಿಂತಾವ. ಕೆಲಸ ಇಲ್ಲದ ದಿನ ಅಲ್ಲೇ ಹೋಗಿ ಕುಂದರ್ತಿದ್ದೆ," ಎನ್ನುತ್ತಿದ್ದರು. ಊರಿನ ಹೆಸರನ್ನು ಯಾರೂ ಕೇಳಲಿಲ್ಲ. ಅವರು ತೀರಿಕೊಂಡ ಮೇಲೆ ಕೇಳಬೇಕೆನಿಸಿತು. ಅವರ ಹೆಂಡತಿ ಹಮೀದಾಬಿ ನಾಣ್ಯಗಳನ್ನು ಅಸ್ಫಿಯಾಳ ಕೈಗೆ ಕೊಟ್ಟು, "ನಿನ್ನ ಕೈ ಸಣ್ಣ ಕೆಲಸಕ್ಕ ರೂಢಿ ಅದ, ನೀನೇ ಇಟ್ಕೊ," ಎಂದರು.

ವರ್ಷಗಟ್ಟಲೆ ಅವು ಹಲ್ಲಿನ ಡಬ್ಬಿಯಲ್ಲೇ ಬಿದ್ದಿದ್ದವು. ಅವಕ್ಕೆ ಬಾಯಿ ಬರಿಸಿದವರು ರುಕ್ಮಿಣಿಬಾಯಿ.

ರುಕ್ಮಿಣಿಬಾಯಿ ಚಿತ್ತಾಪುರದ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮೇಲಿನ ಸೆಟ್ ಅಳತೆ ನೋಡಿಸಲು ಪ್ಯಾಸೆಂಜರ್ ಗಾಡಿ ಹಿಡಿದು ಸೇಡಮಿಗೆ ಬಂದಿದ್ದರು. ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಕೂತಿರಬೇಕಲ್ಲ, ಮೇಜಿನ ಮೇಲೆ ತೆರೆದಿದ್ದ ಆ ಡಬ್ಬಿಯಿಂದ ನಾಣ್ಯವೊಂದನ್ನು ಎತ್ತಿಕೊಂಡು ಕಣ್ಣಿಗೆ ಹಿಡಿದರು. ಹಲ್ಲಿಲ್ಲದ ಬಾಯಿಂದ ಏನೋ ಅಂದರು. ಅಸ್ಫಿಯಾಳಿಗೆ ತಿಳಿಯಲಿಲ್ಲ. ಬೆರಳಿನಿಂದ ಮೇಜಿನ ಧೂಳಿನಲ್ಲಿ ಬರೆದು ತೋರಿಸಿದರು.

"ಗಾಮಾ. ಇದು ಗ್ರೀಕ್ ಅಕ್ಷರ. ನಾ ಮೂವತ್ತು ವರ್ಷ ಬೋರ್ಡಿನ ಮ್ಯಾಲ ಬರದೀನಿ. ಇದು ನೋಡು, ಇಂಗ್ಲಿಷ್ ಪಿ ಇದ್ದಂಗ ಕಾಣ್ತದ, ಪಿ ಅಲ್ಲ, ರೋ."

ಹೊಸ ಹಲ್ಲು ಕೂತ ಮೇಲೂ ಅವರು ಬರುವುದು ನಿಲ್ಲಲಿಲ್ಲ. ವಾರಕ್ಕೊಮ್ಮೆ ಮಧ್ಯಾಹ್ನದ ಗಾಡಿಗೆ ಬಂದು, ಅವಲಕ್ಕಿ ಡಬ್ಬಿ ಬಿಚ್ಚಿಟ್ಟು, ನಾಣ್ಯಗಳ ಮುಂದೆ ಕೂರುತ್ತಿದ್ದರು. ಇಬ್ಬರೂ ಮೆಲ್ಲಗೆ ಕಲಿತರು. ರೋಮಿನ ಬಾದಶಾಹರು ಮೂಡಣದ ಸೀಮೆಗಳನ್ನು ಆಳುತ್ತಿದ್ದ ಕಾಲದಲ್ಲಿ ಅಲ್ಲಿಯ ಎಷ್ಟೋ ಊರುಗಳು ತಮ್ಮದೇ ತಾಮ್ರದ ನಾಣ್ಯ ಒತ್ತಿಸುತ್ತಿದ್ದವು. ಒಂದು ಮುಖದಲ್ಲಿ ಬಾದಶಾಹನ ತಲೆ. ಇನ್ನೊಂದರಲ್ಲಿ ಆ ಊರಿನ ದೇವತೆಯೋ ಗುಡಿಯೋ ನದಿಯೋ, ಸುತ್ತ ಗ್ರೀಕ್ ಲಿಪಿಯಲ್ಲಿ ಇಂಥ ಊರವರದು ಎಂಬ ಬರಹ. ಬಾದಶಾಹನನ್ನು ಮೂಗು ಗಡ್ಡದಿಂದ ಊಹಿಸಬಹುದು. ಸವೆದ ನಾಣ್ಯದಲ್ಲಿ ಊರನ್ನು ಹಿಡಿಯುವುದೇ ಕಷ್ಟ.

ರುಕ್ಮಿಣಿಬಾಯಿ ಮೊದಲು ಎತ್ತಿಕೊಂಡ ನಾಣ್ಯದಲ್ಲಿ ಒಬ್ಬ ದೇವತೆ ಇದ್ದಳು, ಬೆನ್ನಿಗೆ ಬತ್ತಳಿಕೆ, ಎದೆಯ ಮುಂದೆ ಬಿಲ್ಲಿನ ತುದಿ. ಸುತ್ತಲಿನ ಅಕ್ಷರ ಕೂಡಿಸಿದರೆ 'ಗೆರಾಕೋನ್' ಎಂದಾಗುತ್ತಿತ್ತು. ಹಾಗೊಂದು ಊರು ಎಲ್ಲಿಯೂ ಸಿಗಲಿಲ್ಲ.

ಒಮ್ಮೆ ಅಸ್ಫಿಯಾ ನಮಾಜಿಗೆ ಎದ್ದು ಒಳಗೆ ಹೋಗಿದ್ದಳು. ಬರುವಷ್ಟರಲ್ಲಿ ರುಕ್ಮಿಣಿಬಾಯಿ ಇನ್ನೊಂದು ನಾಣ್ಯಕ್ಕೆ, ದೇವರ ಸಾಮಾನು ತಿಕ್ಕುವ ಹಾಗೆ, ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟಿದ್ದರು. ತಾಮ್ರವೇನೋ ಫಳಫಳ ಅಂತಿತ್ತು. ಸಾವಿರಾರು ವರ್ಷದ ಹಸಿರು ಪೊರೆಯ ಜೊತೆಗೆ ಅದರಲ್ಲೇ ಉಳಿದಿದ್ದ ಅಕ್ಷರಗಳೂ ಹೋಗಿದ್ದವು.

"ಹೊಳದ್ರ ಓದಲಿಕ್ಕೆ ಬರ್ತದಂತ..." ಎಂದರು ರುಕ್ಮಿಣಿಬಾಯಿ.

ಅಸ್ಫಿಯಾ ನಾಣ್ಯವನ್ನು ಒರೆಸಿ ಡಬ್ಬಿಗೆ ಹಾಕಿದಳು. "ಗಾಡಿ ಟೈಮ್ ಆತು ನೋಡ್ರಿ, ಅಕ್ಕೋರೆ," ಎಂದಷ್ಟೇ ಅಂದಳು.

ಮುಂದಿನ ವಾರ ಅವರು ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಮಾಮುವಿನ ವಸ್ತು ಹಾಳಾಯಿತಲ್ಲ ಎಂಬ ಸಿಟ್ಟು ಅಸ್ಫಿಯಾಳಿಗೆ ಬಹಳ ದಿನ ಇತ್ತು. ಆದರೆ ಮಧ್ಯಾಹ್ನದ ಗಾಡಿ ಕೂಗಿದಾಗ ಕಣ್ಣು ತಾನಾಗಿ ಬಾಗಿಲ ಕಡೆ ಹೋಗುತ್ತಿತ್ತು. ಮಳೆಗಾಲ ಶುರುವಾದ ಮೇಲೆ ಒಂದು ದಿನ ರುಕ್ಮಿಣಿಬಾಯಿ ಛತ್ರಿ ಮಡಚುತ್ತ ಒಳಗೆ ಬಂದರು.

"ಸೆಟ್ ಸಡಿಲಾಗ್ಯದ, ನೋಡು."

ಅಸ್ಫಿಯಾ ನೋಡಿದಳು. ಸೆಟ್ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಸುಮ್ಮನೆ ತೆಗೆದು, ತೊಳೆದು, ಒಂದು ಕಡೆ ಚೂರು ಉಜ್ಜಿದಂತೆ ಮಾಡಿ ಮತ್ತೆ ಕೂರಿಸಿದಳು.

"ಈಗ ಹ್ಯಾಂಗದ್ರಿ?"

"ಈಗ ಛಲೋ ಆತು," ಎಂದು ಅವರು ಅವಲಕ್ಕಿ ಡಬ್ಬಿ ತೆಗೆದರು.

ಇನ್ನು ಯಾವ ನಾಣ್ಯವನ್ನೂ ತಿಕ್ಕುವ ಪ್ರಸಂಗ ಬರಬಾರದೆಂದು ಅಸ್ಫಿಯಾ ಆ ವಾರವೇ ಒಂದು ಉಪಾಯ ಮಾಡಿದಳು. ಬಾಯಿಯ ಅಚ್ಚು ತೆಗೆಯುವ ಮೆತ್ತನೆಯ ಹಿಟ್ಟಿನಲ್ಲಿ ನಾಣ್ಯಗಳನ್ನು ಒತ್ತಿ, ಆ ಕುಳಿಗೆ ಬಿಳಿ ಪ್ಲಾಸ್ಟರ್ ಸುರಿದಳು. ಒಣಗಿದ ಬಿಲ್ಲೆಗಳನ್ನು ಕಿಟಕಿಯ ಓರೆ ಬಿಸಿಲಿಗೆ ಹಿಡಿದರೆ, ಕಪ್ಪು ತಾಮ್ರದಲ್ಲಿ ಅಡಗಿಕೊಂಡಿದ್ದ ಗೆರೆಗಳೆಲ್ಲ ನೆರಳು ಕಟ್ಟಿ ಎದ್ದು ನಿಂತವು. ಅಂಥದೊಂದರಲ್ಲಿ ಬಾದಶಾಹನ ತಲೆಯ ಪಕ್ಕ ಒಂದು ಶಬ್ದ ಪೂರ್ತಿಯಾಗಿ ಕಂಡಿತು. ರುಕ್ಮಿಣಿಬಾಯಿ ಬೋರ್ಡಿನ ಮುಂದೆ ನಿಂತವರ ಹಾಗೆ ಒಂದೊಂದೇ ಅಕ್ಷರ ಹೇಳಿದರು.

"ಕ, ಆ, ಇ... ಆಮ್ಯಾಲ ಇಂಗ್ಲಿಷ್ ಸಿ ಇದ್ದಂಗ ಒಂದದ, ಅದು ಕ ಇರಬೇಕು. ಆ, ರ. ಕೈಕಾರ್. ಇದೇನು ಹೆಸರವ್ವ?"

ಅಸ್ಫಿಯಾ ಕೈಯಲ್ಲಿದ್ದ ಮೇಣದ ಚಾಕು ಕೆಳಗಿಟ್ಟಳು.

"ಅಕ್ಕೋರೆ, ಕೈಸರ್ ಇರಬಾರದೇನ್ರಿ? ನಮ್ಮ ಉರ್ದೂದಾಗ ರೋಮಿಗಿ ರೂಮ್ ಅಂತಾರ, ಅಲ್ಲಿಯ ಬಾದಶಾಹಗ ಕೈಸರ್-ಎ-ರೂಮ್ ಅಂತಾರ."

ರುಕ್ಮಿಣಿಬಾಯಿ ಬಿಲ್ಲೆಯನ್ನು ಮತ್ತೆ ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ, "ಅಂದ್ರ ಆ ಸಿ ಕ ಅಲ್ಲ, ಸ," ಎಂದರು. "ನಾ ಕಲಿಸಿದ ಸಿಗ್ಮಾದ ಆಕಾರ ಬ್ಯಾರೆ. ಅದಕ್ಕೇ ಗುರ್ತು ಸಿಗಲಿಲ್ಲ." ಅವರ ಕೈ ಆಗಲೇ ಬಿಲ್ಲಿನ ದೇವತೆಯ ಬಿಲ್ಲೆಯನ್ನು ಹುಡುಕುತ್ತಿತ್ತು. "ಗೆರಾಸೋನ್. ಗೆರಾಸದವರದು."

ಈ ಸಲ ಫೋನಿನಲ್ಲಿ ಹುಡುಕಿದರೆ ಸಿಕ್ಕಿತು. ಗೆರಾಸ ಎಂದರೆ ಈಗಿನ ಜರಶ್, ಜೋರ್ಡಾನ್ ದೇಶದ ಊರು. ಪರದೆಯ ಮೇಲೆ ಚಿತ್ರಗಳು ಬಂದವು. ಕಲ್ಲು ಹಾಸಿದ ಉದ್ದನೆಯ ಬೀದಿ, ಅದರ ಎರಡೂ ಬದಿಗೆ ಸಾಲುಗಟ್ಟಿ ನಿಂತ ಕಂಬಗಳು. ಅಸ್ಫಿಯಾ ದುಪಟ್ಟಾದ ಸೆರಗಿನಿಂದ ಕಣ್ಣೊತ್ತಿಕೊಂಡಳು. ಮಾಮುವಿನ ಕಂಬದ ಊರಿನ ಕಥೆಯನ್ನು ರುಕ್ಮಿಣಿಬಾಯಿಯೂ ಎಷ್ಟೋ ಸಲ ಕೇಳಿದ್ದರು.

ಮರುದಿನ ಇಬ್ಬರೂ ಚಿಂಚೋಳಿ ಬಸ್ ಹತ್ತಿದರು. ಮಾಮುವಿನ ಮನೆಯಲ್ಲಿ ಹಮೀದಾಬಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಚಿತ್ರಗಳನ್ನು ಒಂದೊಂದಾಗಿ ನೋಡಿದರು.

"ಹೊಸ ಮನಿ ಕಟ್ಟುವಾಗ ಬಾಗಿಲ ಮುಂದ ಕಂಬ ನಿಲ್ಲಸ್ತೀನಿ ಅಂತಿದ್ರು," ಎಂದರು. "ಈ ಸಣ್ಣ ಮನಿಗಿ ಕಂಬ ಯಾಕಂತ ನಾ ನಗ್ತಿದ್ದೆ. ಹಿಂಗಿರ್ತಾವಂತ ನನಗ ಎಲ್ಲಿ ಗೊತ್ತು."

ಅಲ್ಲಿಂದ ಮುಂದಿನ ಎಂಟೊಂಬತ್ತು ವರ್ಷ ಅಸ್ಫಿಯಾಳ ಜೀವನದ ಹಬ್ಬದ ಕಾಲ. ಹೈದರಾಬಾದಿನ ನಾಣ್ಯದ ವ್ಯಾಪಾರಿಯೊಬ್ಬ ಇಂಥವೇ ಸವೆದ ನಾಣ್ಯಗಳನ್ನು ಅಗ್ಗಕ್ಕೆ ಕೊಡುತ್ತಿದ್ದ. ಇಬ್ಬರೂ ಗಾಡಿಯಲ್ಲಿ ಹೋಗಿ ಆರಿಸಿಕೊಂಡು ಬರುತ್ತಿದ್ದರು. ತಾಂಡೂರು ದಾಟುವುದರೊಳಗೆ ಜಗಳ ಶುರುವಾಗುತ್ತಿತ್ತು. ಒರಗಿ ಮಲಗಿದ ಗಡ್ಡದವನು ನದಿಯ ದೇವರು ಎಂದು ಒಬ್ಬರು, ಅಲ್ಲ, ಊಟಕ್ಕೆ ಕೂತ ಬಾದಶಾಹ ಎಂದು ಇನ್ನೊಬ್ಬರು. ಕೋಟೆಯ ಆಕಾರದ ಕಿರೀಟ ತೊಟ್ಟವಳು ಊರ ದೇವತೆ ಎಂದು ತಿಳಿದ ದಿನ ರುಕ್ಮಿಣಿಬಾಯಿ, "ನಮ್ಮ ಕಡೆ ಊರಮ್ಮ ಇದ್ದಂಗ," ಎಂದು ಎದುರು ಸೀಟಿನವರಿಗೂ ತೋರಿಸಿದರು. ಅವರ ಗಂಡ ವಿಠ್ಠಲರಾಯರು ಚಿತ್ತಾಪುರ ಸ್ಟೇಷನ್ನಿಗೆ ಕರೆದೊಯ್ಯಲು ಬಂದು, "ಇವತ್ತು ಎಷ್ಟು ಊರು ಗೆದ್ರಿ?" ಎಂದು ಕೇಳುತ್ತಿದ್ದರು.

ನಾಲ್ಕು ವರ್ಷದ ಹಿಂದೆ, ಚಳಿಗಾಲದಲ್ಲಿ, ರುಕ್ಮಿಣಿಬಾಯಿ ಹೃದಯಾಘಾತದಿಂದ ಹೋದರು. ಅಸ್ಫಿಯಾ ಚಿತ್ತಾಪುರಕ್ಕೆ ಹೋಗಿ ಹೆಂಗಸರ ನಡುವೆ ಕೂತು ಬಂದಳು. ತಿಂಗಳುಗಟ್ಟಲೆ ಡಬ್ಬಿ ಮುಟ್ಟಲಿಲ್ಲ. ಆಮೇಲೆ ಮುಟ್ಟಿದಳು. ಕೈ ಸುಮ್ಮನಿರಲಿಲ್ಲ.

ಈಗ ಅವಳ ಹತ್ತಿರ ಹೊಸದೊಂದು ನಾಣ್ಯವಿದೆ. ಗುಡಿಯೊಂದರ ಮುಂಭಾಗ, ಒಳಗೆ ಯಾವುದೋ ಆಕೃತಿ, ಅಂಚಿನಲ್ಲಿ ಮೂರೇ ಅಕ್ಷರ. ಎರಡು ಊರುಗಳ ಮೇಲೆ ಅನುಮಾನವಿದೆ. ವ್ಯಾಪಾರಿ ಒಂದನ್ನು ಹೇಳಿದ, ಅವಳು ಹೂಂ ಅಂದಳು. ಎದುರು ವಾದಿಸಲು ಯಾರೂ ಇರಲಿಲ್ಲ. ಅಂಗಡಿಗೆ ಬಂದು ಪ್ಲಾಸ್ಟರಿನ ಬಿಲ್ಲೆ ಮಾಡಿ ಕಿಟಕಿಗೆ ಹಿಡಿದಾಗ, ಅಲ್ಲ, ಆ ಇನ್ನೊಂದು ಊರೇ ಇರಬೇಕು ಎನಿಸಿತು. ಇನ್ನೂ ತೀರ್ಮಾನವಾಗಿಲ್ಲ.