ಹಿಂದಕ್ಕೆ ತುಳಿದರೆ ನಿಲ್ಲುವ ಸೈಕಲ್ಲು

ಕಳೆದ ಶನಿವಾರ ಪಕ್ಕದ ಮನೆಯ ಮುಂದೆ, ಫುಟ್‌ಪಾತಿನ ಮೇಲೆ, ಒಂದು ರಟ್ಟಿನ ಪೆಟ್ಟಿಗೆ ಇತ್ತು. ಅದರ ಮೇಲೆ ‘ಗ್ರಾಟಿಸ್’ ಎಂದು ಬರೆದಿತ್ತು. ಬೇಕಾದವರು ಪುಕ್ಕಟೆ ಒಯ್ಯಬಹುದು ಎಂದರ್ಥ. ಈ ದೇಶದಲ್ಲಿ ಸತ್ತವರ ಸಾಮಾನಿಗೆ ಕೊನೆಗೆ ಆಗುವ ಗತಿ ಇದೇ. ಒಂದು ಹೂದಾನಿ, ನಾಲ್ಕು ಕಾಫಿ ಲೋಟ, ಹಳೇ ಸ್ಕಾರ್ಫು, ಅವುಗಳ ಕೆಳಗೆ ಸೈಕಲ್ ಹ್ಯಾಂಡಲಿಗೆ ಸಿಕ್ಕಿಸುವ ಕಂದು ಚೀಲ. ಅದರ ಜಿಪ್ಪು ಎಳೆದೆ. ಪಕ್ಕದ ಮನೆಯಾಕೆ ಮಂಡಿನೋವಿಗೆ ದಿನವೂ ಹಚ್ಚಿಕೊಳ್ಳುತ್ತಿದ್ದ ಮುಲಾಮಿನ ವಾಸನೆ, ಕರ್ಪೂರವೂ ನೀಲಗಿರಿಯೂ ಕಲೆತದ್ದು, ಗಪ್ಪೆಂದು ಮೂಗಿಗೆ ಬಡಿಯಿತು. ಬಡಿದದ್ದೇ ತಡ, ಮೈಯೆಲ್ಲ ಉರಿದುಹೋಯಿತು.

ಸತ್ತವರ ಬಗ್ಗೆ ಕೆಟ್ಟದ್ದಾಡಬಾರದು ಅನ್ನುತ್ತಾರೆ. ನಾನು ಆಡುತ್ತೇನೆ. ಆಕೆ ಬದುಕಿದ್ದಾಗ ಆಡೋಣವೆಂದರೆ ನನ್ನ ಡಚ್ ಭಾಷೆ ಸಾಲುತ್ತಿರಲಿಲ್ಲ.

ನಾವು ಬೆಂಗಳೂರಿನಿಂದ ನೆದರ್ಲೆಂಡ್ಸಿನ ಬೆಸ್ಟ್ ಎಂಬ ಈ ಊರಿಗೆ ಬಂದಾಗ ನನಗೆ ನಲವತ್ತೊಂದು ವರ್ಷ. ಸೈಕಲ್ ಬರುತ್ತಿರಲಿಲ್ಲ. ನಮ್ಮವರು ಪಕ್ಕದ ಐಂಡ್‌ಹೋವನ್ ನಗರದ ಆಫೀಸಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದರು, ನಾನು ಬಸ್ಸಿಗೆ ಓಡುತ್ತಿದ್ದೆ. ಪಕ್ಕದ ಮನೆಯಾಕೆ ಶಾಲೆಯಲ್ಲಿ ವ್ಯಾಯಾಮದ ಟೀಚರಾಗಿದ್ದು ನಿವೃತ್ತಳಾದವಳು. ಎಪ್ಪತ್ತು ದಾಟಿತ್ತು, ಗಂಡ ತೀರಿಕೊಂಡಿದ್ದ. ಮೊದಲ ವಾರವೇ ಬಂದು, ನಿಮ್ಮ ಕಸದ ಡಬ್ಬಿ ತಪ್ಪು ದಿನ ಹೊರಗಿದೆ ಎಂದಳು. ಆಮೇಲೆ, ನಮ್ಮ ಒಗ್ಗರಣೆಯ ವಾಸನೆ ತಾನು ಒಣಹಾಕಿದ ಬಟ್ಟೆಗೆ ಹಿಡಿಯುತ್ತದೆ ಎಂದಳು. ಒಂದು ದಿನ ನಾನು ಬಸ್ಸು ತಪ್ಪಿಸಿಕೊಂಡು ನಿಂತಿದ್ದಾಗ, ಇಷ್ಟು ದೊಡ್ಡ ಹೆಂಗಸಿಗೆ ಸೈಕಲ್ ಬರುವುದಿಲ್ಲವೇ ಎಂದು ಬೀದಿಗೆಲ್ಲ ಕೇಳಿಸುವಂತೆ ಕೇಳಿದಳು. ಅದೇ ಸಂಜೆ ತನ್ನ ಹಳೇ ಸೈಕಲ್ಲನ್ನು ತಂದು ನಮ್ಮ ಗೋಡೆಗೆ ಒರಗಿಸಿದಳು.

ಕಲಿಸಿದಳು. ಅದನ್ನು ಇಲ್ಲವೆನ್ನಲಾರೆ. ಆದರೆ ಹೇಗೆ ಕಲಿಸಿದಳು ಅಂತೀರಿ... ಆ ಸೈಕಲ್ಲಿಗೆ ಕೈಬ್ರೇಕೇ ಇರಲಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಗಾಲಿ ನಿಲ್ಲುತ್ತಿತ್ತು. ಇಲ್ಲಿ ಎಷ್ಟೋ ಸೈಕಲ್ಲುಗಳು ಹಾಗೇ. ಗಾಬರಿಯಲ್ಲಿ ನನ್ನ ಕೈ ಹ್ಯಾಂಡಲಿನ ಮೇಲೆ ಏನನ್ನೋ ತಡಕಿದಾಗಲೆಲ್ಲ ಪಕ್ಕದಲ್ಲೇ ಓಡುತ್ತಿದ್ದ ಆಕೆ ಸ್ಕಾರ್ಫಿನ ತುದಿಯಿಂದ ಬೆರಳಿಗೆ ಬಾರಿಸುತ್ತಿದ್ದಳು. ಕಾಲು, ಕಾಲು ಎಂದು ಅರಚುತ್ತಿದ್ದಳು. ಎರಡು ತಿಂಗಳಲ್ಲಿ ನನ್ನ ಕಾಲಿಗೆ ಬುದ್ಧಿ ಬಂತು.

ಆಕೆಯ ಅಡುಗೆಮನೆಯ ಗೋಡೆಗೆ ಲಾ ಪಾಲ್ಮಾ ಎಂಬ ದ್ವೀಪದ ನಕ್ಷೆ ಅಂಟಿಸಿತ್ತು. ಸಮುದ್ರದ ನಡುವೆ ಜ್ವಾಲಾಮುಖಿ ಉಗುಳಿ ಎಬ್ಬಿಸಿದ ಬೆಟ್ಟಗಳ ದ್ವೀಪ. ಅಲ್ಲಿ ನಿಂತು ನೋಡಲೇಬೇಕಾದ ಏಳು ಜಾಗಗಳನ್ನು ಗಂಡಹೆಂಡಿರು ಗುರುತು ಮಾಡಿಕೊಂಡಿದ್ದರು. ವರ್ಷಕ್ಕೊಂದರಂತೆ ಸೈಕಲ್ ಹತ್ತಿಸಿ ಆರನ್ನು ನೋಡಿ ಕೆಂಪು ಸುತ್ತು ಹಾಕಿದ್ದರು. ಏಳನೆಯದು ಮೋಡಕ್ಕಿಂತ ಮೇಲೆ, ಹಳೇ ಜ್ವಾಲಾಮುಖಿಯ ಬಾಯಂಚಿನಲ್ಲಿ. ಅದಕ್ಕೆ ಮುಂಚೆ ಗಂಡ ಹೋಗಿಬಿಟ್ಟ. ಈ ವಯಸ್ಸಿನಲ್ಲಿ ಒಬ್ಬಳೇ ಬೇಡ ಎಂದು ಮಕ್ಕಳು ತಡೆದರು. ಆಕೆ ನನ್ನ ಹತ್ತಿರ ಬಂದು, ಏಪ್ರಿಲ್‌ನಲ್ಲಿ ನೀನು ನನ್ನ ಜೊತೆ ಬರುತ್ತಿದ್ದೀಯ ಎಂದಳು. ಕೇಳಲಿಲ್ಲ, ಹೇಳಿದಳು.

ನಾನೇಕೆ ಒಪ್ಪಿದೆ? ಆ ಬಾಯಿಂದ ಒಂದು ಸಲ ‘ಪರವಾಗಿಲ್ಲ’ ಅನ್ನಿಸಿಕೊಳ್ಳಬೇಕು ಎಂಬ ಹಟ. ಅಂಗೈಯಷ್ಟು ಸಪಾಟಾದ ನಮ್ಮೂರಿನಲ್ಲಿ ಎತ್ತರವೆಂದರೆ ಕಾಲುವೆಯ ಸೇತುವೆ ಒಂದೇ. ಚಳಿಗಾಲವಿಡೀ, ಎದುರುಗಾಳಿಯಲ್ಲಿ, ಅದನ್ನೇ ಹತ್ತಿಸಿ ಇಳಿಸಿ ಹತ್ತಿಸಿ ನನ್ನ ಸೊಂಟ ಮುರಿದಳು.

ದ್ವೀಪದಲ್ಲಿ ಬಾಡಿಗೆಗೆ ಸಿಕ್ಕಿದ್ದು ಗೇರಿನ ಸೈಕಲ್ಲು. ಇದಕ್ಕೆ ಕೈಬ್ರೇಕು ಎಂದು ಆಕೆ ಅಂಗಡಿಯಲ್ಲಿ ಹೇಳಿದಳು. ಒಂದೇ ಒಂದು ಸಲ! ಎರಡು ತಿಂಗಳು ಕಾಲು ಕಾಲು ಎಂದು ಅರಚಿದ ಬಾಯಿ ಅದು. ಬಾಳೆತೋಟಗಳನ್ನು ದಾಟಿ, ಕರಿಕಲ್ಲಿನ ಗೋಡೆಗಳ ಪಕ್ಕದಲ್ಲಿ, ಪೈನ್ ಮರಗಳ ನಡುವೆ ಬೆಳಗಿನಿಂದ ಹತ್ತಿದೆವು. ಹತ್ತುವಾಗ ಬ್ರೇಕಿನ ಕೆಲಸವೇನು? ಮೋಡ ಕಾಲ ಕೆಳಗೆ ಬಂತು. ಏಳನೇ ಜಾಗದ ಕಂಬಿಬೇಲಿ ಎದುರಿಗೆ ಬಿಸಿಲಿಗೆ ಹೊಳೆಯುತ್ತಿತ್ತು. ಅಲ್ಲಿಗೆ ಹೋಗುವ ಮೊದಲು ಒಂದು ಸಣ್ಣ ಇಳಿಜಾರು, ಆಮೇಲೆ ನಾಲ್ಕು ತಿರುವಿನ ಏರು, ಅಷ್ಟೇ. ಇಳಿಜಾರಿನಲ್ಲಿ ನನ್ನ ಕಾಲು ಹಿಂದಕ್ಕೆ ತುಳಿಯಿತು. ಚೈನು ಕಟಕಟ ಎಂದಿತು, ಸೈಕಲ್ಲು ನಿಲ್ಲಲಿಲ್ಲ. ಇನ್ನೂ ಜೋರಾಗಿ ತುಳಿದೆ... ಗೋಡೆಗೆ ಹೋಗಿ ಬಡಿದೆ.

ಮುಂದೆ ಹೋಗಿದ್ದ ಆಕೆ ತಿರುಗಿ ಬಂದಳು. ಮೇಲಿನ ಕಂಬಿಬೇಲಿಯನ್ನು ಒಮ್ಮೆ ನೋಡಿದಳು, ನನ್ನ ಮಂಡಿಯನ್ನು ನೋಡಿದಳು. ಸ್ಕಾರ್ಫು ಬಿಚ್ಚಿ ರಕ್ತ ಸುರಿಯುತ್ತಿದ್ದ ಕಡೆ ಬಿಗಿದಳು. ನಾವು ಉಳಿದುಕೊಂಡಿದ್ದ ಮನೆಗೆ ಫೋನ್ ಮಾಡಿ ವ್ಯಾನು ಕರೆಸಿದಳು. ಇಬ್ಬರೂ ಅದರಲ್ಲಿ ಕೆಳಗಿಳಿದೆವು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಸಂಜೆ ಊಟದ ಮೇಜಿನಲ್ಲಿ, ಉಳಿದ ಅತಿಥಿಗಳ ಮುಂದೆ ಎದ್ದು ನಿಂತು, ನಾನು ಕಾಲಿನಲ್ಲಿ ಬ್ರೇಕು ಒತ್ತಿದ್ದನ್ನು ಅಭಿನಯಿಸಿ ತೋರಿಸಿದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ತಟ್ಟೆ ನೋಡುತ್ತ ಕೂತಿದ್ದೆ. ಬೆಸ್ಟ್‌ಗೆ ಬಂದ ಮೇಲೆ ಬೀದಿಯಲ್ಲೂ ಅದೇ ಕಥೆ, ಅದೇ ಅಭಿನಯ. ಅವತ್ತಿನಿಂದ ಮಾತು ಬಿಟ್ಟೆ. ಒಂದು ವರ್ಷ ಬೇಲಿಯ ಈ ಕಡೆ ನಾನು, ಆ ಕಡೆ ಆಕೆ. ಇಂಗು ತುಸು ಹೆಚ್ಚಿಗೇ ಹಾಕಿ ಒಗ್ಗರಣೆ ಕೊಡುತ್ತಿದ್ದೆ.

ಮುಂದಿನ ಮಾರ್ಚಿನಲ್ಲಿ ಬೆಲ್ಲು ಬಾರಿಸಿದಳು. ಕೈಯಲ್ಲಿ ಮಡಿಸಿದ ನಕ್ಷೆ.

“ನನ್ನ ಕೈಲಿ ಒಬ್ಬಳೇ ಆಗಲ್ಲ. ಏಪ್ರಿಲ್‌ನಲ್ಲಿ ಬರ್ತೀಯಾ?” ಎಂದಳು.

ಮೊದಲ ಬಾರಿಗೆ ಕೇಳಿದ್ದಳು. ಇಂಥ ದಿನಕ್ಕೆಂದೇ ನಾನು ಡಚ್ಚಿನಲ್ಲಿ ಒಂದು ವಾಕ್ಯ ಗಟ್ಟಿಮಾಡಿ ಇಟ್ಟುಕೊಂಡಿದ್ದೆ.

“ನಗೋದಕ್ಕೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ.”

ಒಂದು ತಪ್ಪೂ ಇಲ್ಲದೆ ಬಂತು. ಆಕೆ ತಲೆಯಾಡಿಸಿ ಹೋದಳು. ಒಳಗಿನಿಂದ ನಮ್ಮವರು, “ಆಯಮ್ಮ ಬಾಯಿಬಿಟ್ಟು ಕೇಳಿದ್ರಲ್ಲೇ, ಹೂಂ ಅನ್ನೋದಕ್ಕೇನಾಗಿತ್ತು ನಿಂಗೆ?” ಎಂದರು. ನಿಮಗೆ ಗೊತ್ತಾಗಲ್ಲ, ಸುಮ್ಮನಿರಿ ಎಂದೆ. ಆ ದಿನ ಶಾವಿಗೆ ಪಾಯಸ ಮಾಡಿದೆ ಕೂಡ.

ಆಕೆ ಆ ಏಪ್ರಿಲ್‌ನಲ್ಲಿ ಎಲ್ಲಿಗೂ ಹೋಗಲಿಲ್ಲ. ಬೇಸಿಗೆ ಕಳೆದ ಮೇಲೆ ಸೊಂಟದ ಆಪರೇಷನ್ ಆಯಿತು, ಆಮೇಲೆ ಕೋಲು, ಆಮೇಲೆ ಗಾಲಿಕುರ್ಚಿ... ಈ ವರ್ಷ ಹೋದಳು.

ಪೆಟ್ಟಿಗೆಯಲ್ಲಿದ್ದ ಸ್ಕಾರ್ಫಿನ ತುದಿಯಲ್ಲಿ, ಎಷ್ಟು ಒಗೆದರೂ ಹೋಗದ ಕಂದು ಕಲೆ ಇತ್ತು. ನನ್ನದೇ ರಕ್ತ. ಚೀಲದೊಳಗೆ ಮುಲಾಮಿನ ಡಬ್ಬಿ, ಅದರಡಿಗೆ ನಕ್ಷೆ. ಎಣಿಸಬೇಕಾಗಿಯೇ ಇರಲಿಲ್ಲ, ಕೆಂಪು ಸುತ್ತು ಆರೇ ಇದ್ದವು. ಅವತ್ತು ನನ್ನನ್ನು ಗೋಡೆಗೆ ಒರಗಿಸಿ, ಇಲ್ಲೇ ಕೂತಿರು ಎಂದು ಆ ನಾಲ್ಕು ತಿರುವು ಹತ್ತಿ ಬರಬಹುದಿತ್ತು. ಅರ್ಧ ಗಂಟೆಯ ಮಾತು. ಆಕೆ ಹತ್ತಲಿಲ್ಲ. ಅಷ್ಟು ದಿನ ಆ ನಗುವನ್ನು ನೆನೆದುಕೊಂಡು ಕುದಿದವಳು ನಾನು, ಇದನ್ನು ಒಮ್ಮೆಯೂ ಯೋಚಿಸಿರಲಿಲ್ಲ. ಬರುತ್ತೇನೆ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ನಕ್ಕಿದ್ದು ತಪ್ಪಾಯಿತು ಎಂದು ಆಕೆಯೂ ಹೇಳಲಿಲ್ಲ. ಅದಕ್ಕಾಗಿ ಈಗಲೂ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಸಿಟ್ಟನ್ನು ತೋರಿಸಲು ಬೇಲಿಯ ಆ ಕಡೆ ಯಾರೂ ಇಲ್ಲ. ಒಗ್ಗರಣೆ ವಾಸನೆ ಎಂದು ಬಂದು ಬೈಯುವವರಿಲ್ಲದೆ ಅಡುಗೆಮನೆ ಬಿಕೋ ಅನ್ನುತ್ತದೆ.

ಸ್ಕಾರ್ಫನ್ನೂ ಚೀಲವನ್ನೂ ಎತ್ತಿಕೊಂಡೆ. ಚೀಲವನ್ನು ಸೈಕಲ್ಲಿಗೆ ಸಿಕ್ಕಿಸಿದೆ, ಆಕೆಯದೇ ಹಳೇ ಸೈಕಲ್ಲಿಗೆ. ತರಕಾರಿಗೆ ಹೊರಟೆ. ಸೇತುವೆ ಹತ್ತಿ ಇಳಿಯುವಾಗ ಅಡ್ಡರಸ್ತೆಯಿಂದ ಕಾರು ಬಂತು. ನಾನು ಯೋಚಿಸುವ ಮೊದಲೇ ಕಾಲು ಹಿಂದಕ್ಕೆ ತುಳಿಯಿತು, ಸೈಕಲ್ಲು ಗಕ್ಕನೆ ನಿಂತಿತು. ಹಾಳು ಮುದುಕಿ, ಎಷ್ಟು ಚೆನ್ನಾಗಿ ಕಲಿಸಿಬಿಟ್ಟಿದ್ದಳು.