ಕುಕ್ಕರ್ ಕೊಂಡವರು ಯಾರು

ಚಿಕ್ಕೋಡಿಯಲ್ಲಿ ಸರಕಾರಿ ವಕೀಲಳಾಗಿ ನಾನು ಕೊಲೆ, ಕಳವು, ಹೊಲದ ಬದುವಿನ ಬಡಿದಾಟ ಎಲ್ಲವನ್ನೂ ನೋಡಿದ್ದೇನೆ. ಆದರೆ ಒಳ್ಳೆಯ ಜನ ಎಷ್ಟು ಚಂದವಾಗಿ ಸುಳ್ಳು ಹೇಳಬಲ್ಲರು ಎಂದು ಗೊತ್ತಾದದ್ದು ಒಂದು ಕುಕ್ಕರಿನಿಂದ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಗ್ರಾಹಕರ ಕಾನೂನು ಆಗಷ್ಟೇ ಬಂದಿತ್ತು. ಗ್ರಾಹಕರ ಪರವಾಗಿ ಸರಕಾರವೂ ದೂರು ಕೊಡಬಹುದು ಎಂದು ಅದರಲ್ಲಿ ಓದಿದ ನಮ್ಮ ಹಿರಿಯರು, ಹೊಸ ಕೆಲಸವೆಂದರೆ ಕಿರಿಯರದ್ದು ಎಂದು ಅದನ್ನು ನನ್ನ ತಲೆಗೆ ಕಟ್ಟಿ ಚಹಾ ಕುಡಿಯಲು ಹೋದರು.

ಮೊದಲು ಬಂದವಳು ಸದಲಗಾದ ಒಂದು ರೈತ ಮನೆತನದ ಸೊಸೆ. ಅವರ ಹೊಸ ಮನೆಯ ವಾಸ್ತುಶಾಂತಿಗೆ ಆಯೇರಿಯಾಗಿ, ಅಂದರೆ ಉಡುಗೊರೆಯಾಗಿ, ಒಂದು ಕುಕ್ಕರ್ ಬಂದಿತ್ತು. ಅದರಲ್ಲಿ ಬೇಳೆ ಇಟ್ಟಾಗ ಮುಚ್ಚಳ ಹಾರಿ ಆಕೆಯ ಎಡಗಣ್ಣು ಹೋಯಿತು. ಸೇಫ್ಟಿ ವಾಲ್ವ್ ಇರಬೇಕಾದ ಜಾಗದಲ್ಲಿ ಯಾರೋ ಪುಣ್ಯಾತ್ಮರು ಗಟ್ಟಿ ಹಿತ್ತಾಳೆ ತುಂಡು ಬಡಿದು ಕೂಡಿಸಿದ್ದರು.

"ಕಣ್ಣು ತಿರುಗಿ ಬರೂದಿಲ್ರಿ ಬಾಯಾರ," ಎಂದಳು. "ಆದ್ರ ನಿಪ್ಪಾಣಿ ಅಂಗಡ್ಯಾಗ ಇಂಥಾವ ಇನ್ನೂ ಸಾಲಾಗಿ ಇಟ್ಟಾರ. ಅವನ್ನ ತಗಸ್ರಿ. ನಾನೂ ಅಲ್ಲೇ ಒಂದ ತಂದು ಹಾರೂಗೇರಿ ಗೆಳತಿ ಮಗಳ ಮದಿವ್ಯಾಗ ಆಯೇರಿ ಮಾಡೀನಿ. ಆ ಹುಡುಗಿ ಕಣ್ಣಿಗೆ ಬಡದ್ರ ನಾ ಹೆಂಗ ಮಾರಿ ತೋರಸ್ಲಿ?"

ನಾವು ಹಾರೂಗೇರಿಗೆ ಹೇಳಿ ಕಳಿಸಿದೆವು. ಗೆಳತಿಯಿಂದ ಉತ್ತರ ಬಂತು: ಕುಕ್ಕರ್ ಭಾಳ ಛಲೋ ಐತಿ, ಮಗಳು ದಿನಾ ಅದರಾಗ ಅನ್ನಾ ಮಾಡ್ತಾಳ, ಸೀಟಿ ಹೊಡದ್ರ ಓಣಿಗೆಲ್ಲಾ ಕೇಳಸ್ತೈತಿ.

ನಮ್ಮ ಸದಲಗಾದ ಸೊಸೆ ಪ್ರಾಮಾಣಿಕಳು. ಈ ಮಾತನ್ನು ಬೆಳಗಾವಿಯ ಗ್ರಾಹಕ ನ್ಯಾಯಾಲಯದಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು. ಅಂಗಡಿಯವನ ವಕೀಲರಿಗೆ ಹಬ್ಬವೋ ಹಬ್ಬ. "ನೋಡ್ರಿ, ಹಾರೂಗೇರಿ ಕುಕ್ಕರ್ ನಮ್ಮ ಅಂಗಡೀದು. ಒಪ್ಪಿಕೋತೀವಿ, ಬರಕೋರ್ರಿ. ಅದು ದಿನಾ ಅನ್ನಾ ಮಾಡಾಕತ್ತೈತಿ. ಒಡದದ್ದು ನಮ್ಮದಲ್ಲ. ನಮ್ಮದು ಅಂದ್ರ, ಕೊಂಡವರ್ಯಾರು? ಅವರನ್ನ ಕರಕೊಂಡ ಬರ್ರಿ" ಎಂದರು.

ಕರೆತರಬೇಕಾದವಳು ನಾನು. ನೋಟೀಸು ಕಳಿಸಿದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆಂದು ಕೆಂಪು ಬಸ್ಸು ಹತ್ತಿ ನಾನೇ ಹೊರಟೆ.

ಒಡೆದ ಕುಕ್ಕರನ್ನು ಕೊಟ್ಟವರು ಕಾಗವಾಡದವರು, ಆ ಸೊಸೆಯ ಅತ್ತೆಯ ಸ್ವಂತ ತಂಗಿಯ ಮನೆ. ಯಜಮಾನರು ಎದೆ ಮುಂದೆ ಮಾಡಿ, "ನಾನ ಖುದ್ದ ಮಿರಜದಾಗ ಕೊಂಡೀನ್ರಿ" ಎಂದರು. ಯಾವ ಅಂಗಡಿ ಎಂದೆ. "ರಸ್ತೆ ಅಗಲ ಮಾಡೂ ಮುಂದ ಅದನ್ನ ಕೆಡವಿದ್ರರಿ." ಅಂಗಡಿಯವನು? "ಅಂವಾ ತೀರಿಕೊಂಡ್ರಿ." ಇನ್ನೊಂದು ಪ್ರಶ್ನೆ ಕೇಳಿದ್ದರೆ ಮಿರಜ್ ಊರನ್ನೇ ನೆಲಸಮ ಮಾಡುತ್ತಿದ್ದರು. ಅಷ್ಟರಲ್ಲಿ ಅವರ ಹೆಂಡತಿ ಚಹಾದ ನೆಪದಲ್ಲಿ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು: "ಅದು ಅಥಣಿಯಿಂದ ನಮಗ ಆಯೇರಿ ಬಂದದ್ದ್ರಿ. ಡಬ್ಬಿ ಬಿಚ್ಚದ ಹಂಗ ಅಕ್ಕನ ಮನೀಗೆ ಕೊಟ್ಟೇವಿ. ಯಜಮಾನ್ರ ಮುಂದ ಅನಬ್ಯಾಡ್ರಿ." ಬಸ್ಸಿನ ತನಕ ಕಳಿಸಲು ಬಂದ ಯಜಮಾನರೂ ಅದನ್ನೇ ಹೇಳಿದರು. ಕೊನೆಗೆ, "ನಮ್ಮಾಕೀ ಮುಂದ ಅನಬ್ಯಾಡ್ರಿ" ಎಂದರು.

ಇದು ನಮ್ಮ ಕಡೆಯ ಪದ್ಧತಿ. ಮದುವೆಗೆ ಬಂದ ಪಾತ್ರೆಯ ಡಬ್ಬಿ ಬಿಚ್ಚದೆ ಅಟ್ಟದ ಮೇಲಿಟ್ಟು, ಮುಂದಿನ ಮದುವೆಗೆ ದಾಟಿಸುವುದು. ತಿಳಿದವರು ಪಾತ್ರೆಯ ಮೇಲೆ ಹೆಸರು ಕೆತ್ತಿಸುವುದಿಲ್ಲ. ಅದು ದಾಟಲಿಕ್ಕೆ ಅನುಕೂಲವಾಗಲಿ ಎಂಬ ಸೌಜನ್ಯ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ನಾನು ಅಥಣಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಲ್ಲಿಯ ಬಟ್ಟೆ ವ್ಯಾಪಾರಿ, "ಆಯೇರಿ ಬಂದದ್ದನ್ನ ನಾವು ಯಾರಿಗೂ ಕೊಡೂದಿಲ್ರಿ. ಇಲ್ಲೇ ಐತಿ ನೋಡ್ರಿ" ಎಂದು ಕುಕ್ಕರ್ ತಂದು ಮುಂದಿಟ್ಟರು. ಬೆಲೆಯ ಚೀಟಿ ಮುಚ್ಚಳದ ಮೇಲೆ ಇನ್ನೂ ಹಾಗೇ ಇತ್ತು, ಅಂಟು ಕೂಡ ಆರಿರಲಿಲ್ಲ. ನಾನು ಚೀಟಿ ನೋಡಿದೆ, ಅವರು ನನ್ನನ್ನು ನೋಡಿದರು, ಮುಚ್ಚಳ ತಿರುವಿ ಇಟ್ಟರು. "ಊಟಾ ಮಾಡ್ಕೊಂಡ ಹೋಗ್ರಿ" ಎಂದರು. ಉಂಡ ಮೇಲೆ ತೆಲಸಂಗದ ಹೆಸರು ಹೊರಬಂತು. ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಅವರ ಮನೆಯ ಎಣಗಾಯಿ ಉಂಡು ಬೈಯುವುದು ಹೇಗೆ?

ತೆಲಸಂಗದ ಅಜ್ಜಿಯೊಬ್ಬಳೇ ನನ್ನನ್ನು ಕಾಡಲಿಲ್ಲ. "ಕಟಗೀ ಒಲೀಗೆ ಅದನ್ನ ತಗೊಂಡ ಏನ್ ಮಾಡ್ಲೆವ್ವಾ? ಹಾರೂಗೇರಿಯಿಂದ ಬಂತು, ಅಥಣಿಗೆ ಹೋತು" ಎಂದು ಶೇಂಗಾ ಸುಲಿಯುತ್ತ ಹೇಳಿ ಮುಗಿಸಿದಳು.

ಹಾರೂಗೇರಿಯಲ್ಲಿ ಯಾರ ಮನೆ ಎಂದು ಕೇಳಿಕೊಂಡು ಹೋದರೆ, ಬಾಗಿಲು ತೆರೆದವಳು ಅದೇ ಗೆಳತಿ, ಓಣಿಗೆಲ್ಲ ಸೀಟಿ ಕೇಳಿಸಿದವಳು. ನನ್ನನ್ನು ಕಂಡವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮಗಳ ಅತ್ತೀ ಮನ್ಯಾಗ ಮೊದಲ ಮೂರ ಕುಕ್ಕರ್ ಇದ್ದೂರಿ. ಡಬ್ಬೀನ ಬಿಚ್ಚಲಿಲ್ಲ, ತೆಲಸಂಗದ ಮದಿವಿಗೆ ಕೊಟ್ವಿ. ಗೆಳತಿ ಪ್ರೀತೀಲೆ ಕೊಟ್ಟದ್ದನ್ನ ದಾಟಿಸೀನಿ ಅಂತ ಆಕೀಗೆ ಹೆಂಗ ಹೇಳ್ಲಿ?" ಎಂದು ಅತ್ತಳು.

ನಾನು ಸಮಾಧಾನ ಹೇಳುತ್ತ ಹೇಳುತ್ತ ಅರ್ಧಕ್ಕೇ ನಿಂತೆ. ಕಾಗವಾಡಕ್ಕೆ ಅಥಣಿಯಿಂದ, ಅಥಣಿಗೆ ತೆಲಸಂಗದಿಂದ, ತೆಲಸಂಗಕ್ಕೆ ಹಾರೂಗೇರಿಯಿಂದ, ಹಾರೂಗೇರಿಗೆ ಸದಲಗಾದಿಂದ. ನಾನು ಊರೂರು ಹುಡುಕುತ್ತಿದ್ದ ಗಿರಾಕಿ ನನ್ನ ಕಕ್ಷಿದಾರಳೇ. ತಾನೇ ಕೊಂಡು ಕೊಟ್ಟ ಕುಕ್ಕರ್ ತಾಲೂಕು ತಾಲೂಕು ತಿರುಗಿ, ಎಲ್ಲರ ಅಟ್ಟದಲ್ಲೂ ಸುಮ್ಮನೆ ಕೂತು, ಮರಳಿ ಆಕೆಯ ಒಲೆಗೇ ಬಂದು ಒಡೆದಿತ್ತು.

ಸದಲಗಾಕ್ಕೆ ಹೋಗಿ ಆಕೆಗೆ ಎಲ್ಲವನ್ನೂ ಹೇಳಿದೆ. "ಅಂದ್ರ ಆ ಹುಡುಗೀಗೆ ಏನೂ ಆಗೂದಿಲ್ಲಲ್ರಿ?" ಎಂದಳು. ಮರುಕ್ಷಣ ಆಕೆಗೆ ನಗು ಬಂತು. "ಇಷ್ಟ ಮನ್ಯಾಗ ರೊಕ್ಕಾ ಕೊಟ್ಟ ತಂದಾಕಿ ನಾನೊಬ್ಬಾಕೀನ ಏನ್ರಿ!"

ಆದರೆ ಅಷ್ಟೂ ಜನ ಕೋರ್ಟಿಗೆ ಬಂದು ಮಾನ ಕಳೆದುಕೊಳ್ಳುವವರಲ್ಲ. ಒಡೆದದ್ದು ಆಕೆ ಕೊಟ್ಟದ್ದೇ ಎನ್ನಲು ಗುರುತು ಬೇಕಿತ್ತು. "ಕೊಡುವಾಗ ಒಳಗೇನಾದರೂ ಇಟ್ಟಿದ್ದಿರಾ?" ಎಂದು ಕೇಳಿದೆ.

"ಖಾಲಿ ಭಾಂಡೆ ಯಾರರೆ ಕೊಡ್ತಾರೇನ್ರಿ? ನನ್ನ ಹಸರ ಕುಬಸದ ಖಣದಾಗ ಉಳದ ತುಂಡಿನ್ಯಾಗ ಅಕ್ಕಿ, ಅರಿಷಿಣ ಕೊಂಬು ಕಟ್ಟಿ ಇಟ್ಟಿದ್ದೆ."

ಮೂಲೆಯಲ್ಲಿ ಜಪಮಣಿ ಹಿಡಿದು ಕೂತಿದ್ದ ಆಕೆಯ ಅತ್ತೆ ಮೆಲ್ಲಗೆ ಎದ್ದರು. ದೀಪ ಒರೆಸುವ ಅರಿವೆ ತಂದು ಸೊಸೆಯ ಮುಂದೆ ಇಟ್ಟರು. ಎಣ್ಣೆ ಜಿಡ್ಡಿನ ನಡುವೆ ಹಸಿರು ಬಣ್ಣ, ಖಣದ ಅಂಚು.

"ವಾಸ್ತುಶಾಂತಿ ದಿನಾ ಡಬ್ಬಿ ಬಿಚ್ಚಿದಾಕಿ ನಾನ," ಎಂದರು. "ಅಕ್ಕ್ಯಾಗ ನುಸಿ ಇತ್ತು. ಹಳೇದು ದಾಟಿಸ್ಯಾರಂತ ಅವತ್ತ ತಿಳೀತು. ತಂಗಿ ಮನಿ ಮಾನಾ ಹೋಗ್ತೈತಿ ಅಂತ ಸುಮ್ಮನಿದ್ದೆ."

"ನನ್ನ ಕಣ್ಣ ಹೋತಲ್ರಿ ಅತ್ತಿ," ಎಂದಳು ಸೊಸೆ. ಬೈಗುಳವಾಗಿ ಅಲ್ಲ, ನೆನಪು ಮಾಡಿಕೊಟ್ಟಂತೆ.

ಮುಂದಿನ ತಾರೀಖಿಗೆ ಸೊಸೆ ಅದೇ ಹಸಿರು ಕುಬಸ ತೊಟ್ಟು ಬಂದಳು. ತುಂಡನ್ನೂ ಕುಬಸವನ್ನೂ ಒಟ್ಟಿಗೆ ನೋಡಿದ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ. ಹಾರೂಗೇರಿ ಕುಕ್ಕರ್ ನಮ್ಮದೇ ಎಂದು ಎದುರು ವಕೀಲರು ಹೇಳಿದ್ದನ್ನು ನಾನು ಓದಿ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಕೆಲವೇ ದಿನಗಳಲ್ಲಿ ನಿಪ್ಪಾಣಿ ಅಂಗಡಿಯ ಆ ಸಾಲು ಖಾಲಿಯಾಯಿತು.

ಆ ತಾರೀಖಿಗೆ ಕೋರ್ಟಿನಲ್ಲಿ ಅತ್ತೆಯೂ ಸಾಕ್ಷಿ ಹೇಳಿದ್ದರು. ಕಾಗವಾಡದ ತಂಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಒಳಗೆ ಏನಿತ್ತು ಎಂದು ನಾನು ಕೇಳಿದೆ. ಮುದುಕಿ ತಂಗಿಯ ಕಡೆ ನೋಡಲಿಲ್ಲ, ಸೊಸೆಯ ಕಡೆ ನೋಡಿದರು.

"ಅಕ್ಕಿ ಇತ್ತರಿ," ಎಂದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ಅಕ್ಕ್ಯಾಗ ನುಸಿ ಇತ್ತರಿ" ಎಂದರು.

ಹಿಂದಿನ ಬೆಂಚಿನಲ್ಲಿ ತಂಗಿ ಸೆರಗು ಮುಖಕ್ಕೆ ಎಳೆದುಕೊಂಡರು. ಮುದುಕಿ ಕಟಕಟೆಯ ಮೆಟ್ಟಿಲು ಇಳಿಯಲು ಕಂಬಿ ಹಿಡಿದರು. ಸೊಸೆ ಎದ್ದು ಹೋಗಿ ಕೈ ಹಿಡಿದಳು.