ಗೋಧಿಯ ಉಸಿರು ಮತ್ತು ನನ್ನ ಕಾಲು

ಇಡ್ಲಿ ಪಾತ್ರೆಯ ಮುಚ್ಚಳ ಇವತ್ತು ಒಂದೇ ಪಕ್ಕದಿಂದ ಬುಸುಗುಟ್ಟುತ್ತಿತ್ತು. ಆವಿ ಒಳಗೆ ನಿಲ್ಲದಿದ್ದರೆ ಇಡ್ಲಿ ಕಲ್ಲಾಗುತ್ತದೆ, ನಿಮಗೂ ಗೊತ್ತು. ಮುಚ್ಚಳವನ್ನು ಬೈಯಲು ಬಾಯಿ ತೆರೆದೆ. ಬನಾರಸಿನ ಗೋಧಿ ಹೊಲ ನೆನಪಾಗಿ ನಗು ಬಂತು.

ಎರಡು ಸಾವಿರದ ಐದೋ ಆರೋ ಇರಬೇಕು. ಮಗಳು ಸುಮಾ ಅಲ್ಲಿ ಬೆಳೆಯ ಉಸಿರು ಅಳೆಯುವ ಕೆಲಸದಲ್ಲಿದ್ದಳು. ನಾನು ಓದಿದ್ದು ಮೂರನೇ ಕ್ಲಾಸು. ಉಸಿರು ಅಳೆಯುವುದಕ್ಕೂ ಸಂಬಳ ಕೊಡುತ್ತಾರೆಂದರೆ ನಂಬಿರಲಿಲ್ಲ. ಹೊಲದಲ್ಲೊಂದು ಕಬ್ಬಿಣದ ಚೌಕಟ್ಟು ಹೂತಿದ್ದರು, ಅದರ ಅಂಚಿನುದ್ದಕ್ಕೂ ತೋಡು. ತೋಡಿಗೆ ನೀರು ತುಂಬಿ, ಮೇಲೆ ಗಾಜಿನಂಥ ಪೆಟ್ಟಿಗೆ ಕವುಚಿದರೆ ಒಳಗಿನ ಗಾಳಿ ಒಳಗೇ. ಬಿಸಿಲಿನಲ್ಲಿ ಗೋಧಿ ಆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತದಂತೆ. ಆಗ ಅದನ್ನು ಅಳೆಯುವ ಯಂತ್ರದ ಅಂಕಿ ಇಳಿಯಬೇಕು.

ಒಂದು ವಾರ ಇಳಿಯಲಿಲ್ಲ. ತೆನೆಗೆ ಹಾಲು ತುಂಬುವ ದಿನಗಳು. ಅವು ಕಳೆದರೆ ಮುಂದಿನ ಚಳಿಗಾಲಕ್ಕೆ ಕಾಯಬೇಕು, ಅಷ್ಟರಲ್ಲಿ ಸುಮಾಳ ಕೆಲಸದ ಅವಧಿಯೇ ಮುಗಿದಿರುತ್ತದೆ. ಯಂತ್ರ ಬಿಚ್ಚಿದಳು, ಕೊಳವೆ ಬದಲಿಸಿದಳು, ಊಟ ಬಿಟ್ಟಳು. ನಾನು ದಿನಾ ಬನಾರಸಿನಲ್ಲಿ ನಾವಿದ್ದ ಲಂಕಾ ಬಡಾವಣೆಯಿಂದ ರಿಕ್ಷಾ ಹತ್ತಿ ಡಬ್ಬಿ ಒಯ್ದು, ನಿನ್ನ ಗೋಧಿಗೆ ನೆಗಡಿ ಎಂದು ಹೇಳಿ ಬೈಸಿಕೊಂಡು ಬರುತ್ತಿದ್ದೆ.

ಅವತ್ತು ಹೊಲದ ಕೆಲಸದ ಫೂಲ್‌ಮತಿ ತೋಡಿಗೆ ನೀರು ಹೊಯ್ಯುತ್ತಿದ್ದಳು. ಈಚೆ ಮೂಲೆಯಲ್ಲಿ ತುಂಬಿ ಚೆಲ್ಲಿತು. ಸುಮ್ಮನಿರಲಾರದೆ ತೆನೆ ಸರಿಸಿ ಆಚೆ ಮೂಲೆ ನೋಡಿದೆ. ಅಲ್ಲಿ ತೋಡು ಒಣಗಿಯೇ ಇತ್ತು. ಈಚೆಯ ಅಂಚಿನ ಮೇಲೆ ಕೆಸರಿನ ಚಪ್ಪಲಿ ಗುರುತು. ನೀರು ಹಾಯಿಸಿದ ಹೊಲ ದಾಟಲು ನಾನು ದಿನಾ ಮೆಟ್ಟುತ್ತಿದ್ದ ಕಲ್ಲು ಕಲ್ಲಾಗಿರಲಿಲ್ಲ, ಮಗಳ ಚೌಕಟ್ಟಾಗಿತ್ತು. ಅದು ಒಂದು ಕಡೆ ಕುಸಿದು, ಇನ್ನೊಂದು ಕಡೆಯಿಂದ ಗಾಳಿ ಸೋರುತ್ತಿತ್ತು.

ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆಗಲಿಲ್ಲ.

"ಸುಮಾ, ನಿನ್ನ ಯಂತ್ರ ಸರಿಯಾಗಿದೆ. ನಿನ್ನಮ್ಮನ ತೂಕ ಜಾಸ್ತಿ."

ಅವಳು ಚೌಕಟ್ಟು ನೋಡಿದಳು, ನನ್ನ ಕಾಲು ನೋಡಿದಳು. ಕೆಸರಿನಲ್ಲೇ ಕುಕ್ಕರಿಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ವಾರದ ಮೇಲೆ ಕಂಡ ನಗು.

ಮೂವರೂ ಸೇರಿ ಚೌಕಟ್ಟನ್ನು ಮಟ್ಟ ಮಾಡಿದೆವು. ನೀರು ಸುತ್ತಲೂ ಒಂದೇ ಸಮ ನಿಂತಿತು. ಪೆಟ್ಟಿಗೆ ಕವುಚಿದ ಮೇಲೆ ಅಂಕಿ ಮೆಲ್ಲಗೆ ಇಳಿಯತೊಡಗಿತು.

"ಗೇಹೂಂ ಸಾಂಸ್ ಲೇತ್ ಬಾ, ಅಮ್ಮಾ," ಎಂದಳು ಫೂಲ್‌ಮತಿ. ಗೋಧಿ ಉಸಿರಾಡುತ್ತಿದೆಯಂತೆ. ಒಂದು ವಾರ ನಾನೇ ಕತ್ತು ಮೆಟ್ಟಿದ್ದ ಗೋಧಿ.

"ಅಮ್ಮ, ಇದು ಮುಗಿಯೋವರೆಗೂ ನಿಂತಲ್ಲೇ ನಿಂತಿರು," ಎಂದಳು ಸುಮಾ, ಅಂಕಿಯಿಂದ ಕಣ್ಣು ಕೀಳದೆ.

ನಿಂತೆ, ಕಣಕಾಲಿನವರೆಗೆ ಕೆಸರು. ಆಮೇಲೆ ಡಬ್ಬಿಯ ಅವಲಕ್ಕಿಯನ್ನು ಮೂವರೂ ಬದುವಿನ ಮೇಲೆ ಕೂತು ತಿಂದೆವು. ನನ್ನ ಪಾಲನ್ನೂ ಸುಮಾಳೇ ತಿಂದಳು.

ಮುಚ್ಚಳ ಎತ್ತಿ ನೋಡಿದೆ. ಇಡ್ಲಿ ತಟ್ಟೆಗೆ ನಾನೇ ಹಾಸಿದ್ದ ಬಟ್ಟೆಯ ತುದಿ ಅಂಚಿಗೆ ಸಿಕ್ಕಿಕೊಂಡಿತ್ತು. ಒಳಗೆ ಮಡಚಿದೆ, ಬುಸುಗುಟ್ಟುವುದು ನಿಂತಿತು. ಸುಮಾಳಿಗೆ ಫೋನ್ ಮಾಡಿ, ಇವತ್ತೂ ನಾನೇ ಕಣೇ ಎಂದೆ. ಯಾವುದು ಏನು ಎಂದು ಕೇಳುವ ಮೊದಲೇ ಅವಳು ನಗುತ್ತಿದ್ದಳು.